ನೀರಿಗೆ ಹಾಕಿದ ಜಿರಾಫೆ

ಈ ಬರಹದಲ್ಲಿ ಒಂದು ಜಿರಾಫೆ ಬರುತ್ತದೆ. ಅದನ್ನು ನಾನು ನಿಜವಾಗಿ ನೋಡಿದ್ದೆನೋ ಇಲ್ಲವೋ ಎಂಬುದು ಊರು ಬಿಟ್ಟಾಗ ನನಗೇ ಗೊತ್ತಿರಲಿಲ್ಲ. ಐವತ್ತು ವರ್ಷ ಹಳೆಯ ನೆನಪು ಕೈಬದಲಾದ ಜಮೀನಿನ ಹಾಗೆ. ಬದು ಎಲ್ಲಿತ್ತು ಎಂದು ಎಲ್ಲರೂ ಆಣೆ ಮಾಡುತ್ತಾರೆ, ಅಳೆದವರು ಯಾರೂ ಇರುವುದಿಲ್ಲ.

ಖಚಿತವಾಗಿ ಹೇಳಬಹುದಾದದ್ದು ಇಷ್ಟು. ನನಗೆ ಹತ್ತು ವರ್ಷವಿದ್ದಾಗ ಕ್ಯಾತನಹಳ್ಳಿಯ ನಮ್ಮ ಮನೆಯಲ್ಲಿ ತಾತನ ಕಬ್ಬಿಣದ ಟ್ರಂಕಿನಿಂದ ಒಂದು ಕಟ್ಟು ಲಕೋಟೆ ಕದ್ದೆ. ಎಲ್ಲವೂ ಆಫ್ರಿಕದಿಂದ ಬಂದವು. ಅಂಚೆಚೀಟಿ ಬಿಡಿಸಲು ಅವನ್ನು ಒಳಗಿನ ಕಾಗದದ ಸಮೇತ ಹಿತ್ತಾಳೆ ತಟ್ಟೆಯ ನೀರಲ್ಲಿ ನೆನೆಹಾಕಿದೆ. ಚೀಟಿಗಳು ಎದ್ದು ಬಂದವು. ಉಳಿದದ್ದು ಶಾಯಿ ಹರಿದು ಮುದ್ದೆಯಾಯಿತು, ತಿಪ್ಪೆಗೆ ಸುರಿದೆ. ಮುಂದೆ ಇತಿಹಾಸದಲ್ಲಿ ಎಂ.ಎ. ಮಾಡಿ ಮೂವತ್ತು ವರ್ಷ ಕಾಲೇಜಿನಲ್ಲಿ ಮೂಲ ದಾಖಲೆಗಳ ಮಹತ್ವ ಬೋಧಿಸಿದೆ. ನಾನು ನಾಶ ಮಾಡಿದ ಮೊದಲ ಮೂಲ ದಾಖಲೆ ಅದು.

ಹೊರಡುವ ಮುನ್ನ, ಕ್ಯಾತನಹಳ್ಳಿ

ಆ ಕಾಗದಗಳನ್ನು ಬರೆದವರು ಬೋರೇಗೌಡ, ನನ್ನ ತಾತನ ತಮ್ಮ. ಬೆಲ್ಲ ಕಾಯಿಸುವುದರಲ್ಲಿ ಸುತ್ತ ಹತ್ತು ಊರಿಗೆ ಹೆಸರಾಗಿದ್ದವರು. ನಮ್ಮ ಆಲೆಮನೆಗೆ ಬೆಲ್ಲ ಕೊಳ್ಳಲು ಬರುತ್ತಿದ್ದ ಒಬ್ಬ ಗುಜರಾತಿ ವ್ಯಾಪಾರಿ, ತನ್ನ ಅಣ್ಣ ಆಫ್ರಿಕದಲ್ಲಿ ಕಬ್ಬು ಅರೆಯುತ್ತಾನೆ, ಕೈಚಳಕದವನು ಬೇಕು ಎಂದು ಅವರನ್ನು ಹಡಗು ಹತ್ತಿಸಿದ. ಕೆಲವು ವರ್ಷ ಕಾಗದ ಬಂತು, ಆಮೇಲೆ ನಿಂತಿತು. ಮೊಂಬಾಸಾದಿಂದ ಮರಳಿದ ಯಾರೋ ಒಬ್ಬ, ಬೋರೇಗೌಡ ಜ್ವರದಲ್ಲಿ ಸತ್ತ ಎಂದ. ನನ್ನ ತಾತ ತಮ್ಮನ ತಿಥಿ ಮಾಡಿ ಊರಿಗೆಲ್ಲ ಊಟ ಹಾಕಿಸಿದರು. ತಮ್ಮನ ಹೆಂಡತಿ ನಿಂಗಮ್ಮನ ಬಳೆ ಒಡೆಸಿ ಕುಂಕುಮ ಅಳಿಸಿದರು. ಅದು ದೇಶದ ಮೊದಲ ಚುನಾವಣೆಯ ವರ್ಷ. ಮರುವರ್ಷವೇ ಆಕೆ ತೀರಿಕೊಂಡಳು. ಬೋಳು ಹಣೆಯಲ್ಲೇ ಮಣ್ಣು ಮಾಡಿದರು.

ಅವರ ಒಬ್ಬಳೇ ಮಗಳು ಸಾಕಮ್ಮ, ನನಗೆ ಅತ್ತೆ. ಈಗ ಎಂಬತ್ತೇಳು ಎನ್ನುತ್ತಾಳೆ, ನಾನು ಎಂಬತ್ತಾರು ಎನ್ನುತ್ತೇನೆ. ಕಣ್ಣು ಮಂಜು, ನಾಲಿಗೆ ಚುರುಕು. ನಾನು ಶ್ರೀರಂಗಪಟ್ಟಣದಿಂದ ಹೇಳಿಹೋಗಲು ಬಂದರೆ ಅವಳು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕಾದಿದ್ದಳು.

"ಆಪ್ರಿಕಕ್ಕೆ ಓಯ್ತಿದ್ದೀಯಂತೆ? ಸ್ಟಾಂಪ್ ಆಯಕ್ಕೆ?"

"ನೋಡಕ್ಕೆ ಅತ್ತೆ. ಕಿಸುಮುಗೂ ಹೋಗ್ತೀನಿ."

ಕಿಸುಮು ಎಂದ ಕೂಡಲೇ ಅವಳ ಕೈ ನಿಂತಿತು. ಅಪ್ಪನ ಕಾಗದದ ಮೇಲಿನ ಆ ಊರಿನ ಹೆಸರನ್ನು ಅವಳು ಚಿಕ್ಕಂದಿನಿಂದ ಬಿಟ್ಟಿಲ್ಲ.

"ಅಂಗಾರೆ ಒಂದ್ ಕೆಲ್ಸ ಮಾಡು ಮಗ. ನಮ್ಮವ್ವ ಸಾಯೋ ಗಳ್ಗೇಲಿ ನಮ್ಮಪ್ಪ ಬದ್ಕಿದ್ನೋ ಇಲ್ವೋ, ಅಷ್ಟ್ ತಿಳ್ಕೊಂಡ್ ಬಾ. ಅವ್ವ ಮುತ್ತೈದೆಯಾಗ್ ಓದ್ಲೋ, ಮುಂಡೆಯಾಗ್ ಓದ್ಲೋ ನಂಗ್ ಗೊತ್ತಾಗ್ಬೇಕು."

"ಎಪ್ಪತ್ತು ವರ್ಷ ಆಯ್ತಲ್ಲ ಅತ್ತೆ, ಈಗ ತಿಳ್ಕೊಂಡು ಏನ್ ಮಾಡ್ತೀಯ?"

"ನೀನ್ ಅಳೇ ಸ್ಟಾಂಪ್ ತಕಂಡ್ ಏನ್ ಮಾಡೀಯ? ಮಡಿಕ್ಕತೀಯ. ನಾನೂ ಮಡಿಕ್ಕತೀನಿ."

ಈ ಹುಳ ಅವಳ ತಲೆಗೆ ಬಿಟ್ಟವನು ನಾನೇ. ಕೆಲವು ವರ್ಷದ ಹಿಂದೆ ಮಾತಿನ ಭರದಲ್ಲಿ, ಆ ಲಕೋಟೆಗಳಲ್ಲಿ ಒಂದರ ಮೇಲೆ ಜಿರಾಫೆ ಇತ್ತು ಎಂದುಬಿಟ್ಟಿದ್ದೆ. ಇದರ ಅರ್ಥ ಓದುಗರಿಗೂ ಗೊತ್ತಾಗಬೇಕು. ಕೀನ್ಯಾ, ಉಗಾಂಡ, ಟಾಂಗನ್ಯೀಕ ಮೂರಕ್ಕೂ ಬ್ರಿಟಿಷರು ಒಂದೇ ಚೀಟಿ ಹಾಕುತ್ತಿದ್ದರು. ರಾಜನ ತಲೆಯಿರುವ ಸರಣಿಯಲ್ಲಿ ಕೊಕ್ಕರೆ, ಸಿಂಹ, ಹಾಯಿದೋಣಿ, ಬೆಟ್ಟ, ಸರೋವರ, ಸೇತುವೆ ಇವೆ. ಜಿರಾಫೆ ಇಲ್ಲ. ಜಿರಾಫೆ ಬಂದದ್ದು ರಾಣಿಯ ಸರಣಿಯಲ್ಲಿ, 1954ರಲ್ಲಿ. ಅಂದರೆ ನಿಂಗಮ್ಮ ಸತ್ತ ಮರುವರ್ಷ. ಜಿರಾಫೆ ನಿಜವಾದರೆ, ತಿಥಿ ಆದ ಮನುಷ್ಯ ಆಮೇಲೆ ಕಾಗದ ಬರೆದಿದ್ದಾನೆ. ನನ್ನ ತಾತ ಅದನ್ನು ಓದಿ ಟ್ರಂಕಿನ ತಳಕ್ಕೆ ಹಾಕಿದ್ದಾರೆ.

ರಾಜನ ಚೀಟಿಗಳೆಲ್ಲ ಇಂದಿಗೂ ನನ್ನ ಬಳಿ ಇವೆ. ಜಿರಾಫೆ ಮಾತ್ರ ಇಲ್ಲ. ಅದು ಎಲ್ಲಿ ಹೋಯಿತೆಂದು ನನಗೆ ನೆನಪಿರಲಿಲ್ಲ.

ಹೊರಡುವಾಗ ಅತ್ತೆ ಒಂದು ಅಚ್ಚು ಬೆಲ್ಲ ಕೊಟ್ಟಳು. "ಯಾರ್ಗೆ?" ಎಂದೆ. "ಯಾರವ್ರೋ ಅವ್ರ್ಗೆ" ಎಂದಳು.

ನೈರೋಬಿ

ವಿಮಾನ ನಿಲ್ದಾಣದಲ್ಲಿ ನನ್ನ ಚೀಲದಿಂದ ಮೂರು ವಸ್ತು ಮೇಜಿನ ಮೇಲೆ ಬಂದವು. ಚಿಮಟ, ಭೂತಗನ್ನಡಿ, ಕಂದು ಬಣ್ಣದ ಗಟ್ಟಿ ಅಚ್ಚು. ಸಮವಸ್ತ್ರದ ಹೆಂಗಸು ಮೂರನ್ನೂ ಒಂದೇ ಅಪರಾಧದ ಸಲಕರಣೆಗಳಂತೆ ನೋಡಿದಳು. ನಾನು ಅಂಚೆಚೀಟಿಯ ಇತಿಹಾಸ ವಿವರಿಸಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. ಬೆಲ್ಲವನ್ನು ಮೂಸಿ ನೋಡಿ, "ಸುಕಾರಿ ನ್ಗುರು!" ಎಂದು ನಕ್ಕಳು. ಅವಳ ಅಜ್ಜಿಯ ಮನೆಯ ಕಡೆ ಇದೇ ಮಾಡುತ್ತಾರಂತೆ. ಇಂಥದ್ದನ್ನು ಇಲ್ಲಿಗೆ ಹೊತ್ತು ತರುವ ಮೂರ್ಖ ಯಾರು ಎಂಬ ನೋಟದಲ್ಲೇ ಬಿಟ್ಟಳು. ಪಯಣಕ್ಕೆ ಬೆಲ್ಲಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ ಎಂದು ಆಗಲೇ ನಿಶ್ಚಯಿಸಿದೆ.

ಚೀಟಿ ಮಾರುವ ಜರೀನಾಬೆನ್ ಎಪ್ಪತ್ತು ದಾಟಿದ ಹೆಂಗಸು. ಅವರ ಮುತ್ತಜ್ಜ ರೈಲುಹಳಿ ಹಾಕಲು ಕಛ್‌ನಿಂದ ಬಂದವರು. ಅಂಗಡಿ ಒಂದು ಮೆಟ್ಟಿಲ ಕೆಳಗಿನ ಕೋಣೆ, ಅಷ್ಟೆ. ಹಿಂದಿಯಲ್ಲಿ ಮಾತಾಡಿದೆವು. ಅವರ ಹಿಂದಿಯೂ ನನ್ನ ಹಿಂದಿಯೂ ಒಂದಕ್ಕೊಂದು ಸಾಟಿ.

ನನ್ನ ಜಿರಾಫೆಯ ಕತೆ ಕೇಳಿ ಅವರು ಒಂದು ಹಾಳೆ ಮುಂದೆ ತಳ್ಳಿದರು. ಅದರ ತುಂಬ ಜಿರಾಫೆಗಳು. ಆದರೆ ಬರೀ ಕತ್ತು, ತಲೆ. ರಾಜನೂ ಇಲ್ಲ, ರಾಣಿಯೂ ಇಲ್ಲ.

"ಇವು ಟಾಂಗನ್ಯೀಕದ್ದು. ಜರ್ಮನರ ಕೈಯಿಂದ ಆ ದೇಶ ಇಂಗ್ಲಿಷರಿಗೆ ಬಂದ ಮೇಲೆ ಮೊದಲು ಅಚ್ಚು ಹಾಕಿದ್ದು. ಇಪ್ಪತ್ತರ ದಶಕ. ಪೇಟೆಯಲ್ಲಿ ಎಲ್ಲ ಹುಡುಗರ ಹತ್ತಿರವೂ ಒಂದಿರುತ್ತಿತ್ತು. ನಿಮ್ಮದು ಇದೇ ಇರಬಹುದಲ್ಲ?"

ಇಂಥದ್ದು ಶಾಲೆಯಲ್ಲಿ ಯಾರ ಆಲ್ಬಮ್ಮಿನಲ್ಲಾದರೂ ನೋಡಿ, ಅದನ್ನೇ ತಾತನ ಲಕೋಟೆಯ ಮೇಲೆ ಅಂಟಿಸಿಕೊಂಡಿರಬಾರದೇಕೆ? ನೆನಪು ಮಾಡುವುದೇ ಅಂಥ ಕೆಲಸ.

"ತಲೆ ಇತ್ತಾ? ರಾಣಿ ತಲೆ?"

"ನೆನಪಿಲ್ಲ."

"ಜಿರಾಫೆ ನೆನಪಿದೆ, ರಾಣಿ ನೆನಪಿಲ್ಲ!" ಅವರು ಕನ್ನಡಕ ತೆಗೆದು ನಕ್ಕರು. "ಆಕೆಗೆ ಗೊತ್ತಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದಳು."

ಆ ಮಧ್ಯಾಹ್ನ ಅವರ ಚೀಟಿಗಳನ್ನೆಲ್ಲ ಭೂತಗನ್ನಡಿಯಲ್ಲಿ ನೋಡಿದೆ. ಎಂಥ ಚೆಲುವು! ಕೆತ್ತಿದವರ ಕೈಗೆ ಮುತ್ತು ಕೊಡಬೇಕು. ಆದರೆ ರಾಜನ ಆ ಸರಣಿಯಲ್ಲಿ ಹಕ್ಕಿಗಿದೆ ಜಾಗ, ಸಿಂಹಕ್ಕಿದೆ, ನೀರಿಗಿದೆ. ಮನುಷ್ಯ ಅಂದರೆ ರಾಜನೊಬ್ಬನೇ. ಸರೋವರದ ಹಾಯಿದೋಣಿಯಲ್ಲಿ ಯಾರಾದರೂ ಕೂತಿದ್ದಾರೋ ಎಂದು ಹುಡುಕಿದೆ. ಹಗ್ಗ ಹಾಯಿಗೆ ತಾಗಿದೆಯೋ ಇಲ್ಲವೋ ಎಂದು ನನ್ನಂಥವರು ಇಡೀ ಜೀವಮಾನ ವಾದ ಮಾಡುತ್ತಾರೆ. ದೋಣಿ ನಡೆಸುವವನ ಮುಖ ಎಲ್ಲಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಅದುವರೆಗೆ ಕೇಳಿರಲಿಲ್ಲ.

ಕಿಸುಮು

ಚೀಟಿಯಲ್ಲಿ ಕಂಡ ಸರೋವರ ನನ್ನ ಕಣ್ಣೆದುರು ಅರ್ಧ ಹಸಿರಾಗಿತ್ತು. ನಮ್ಮ ಕೆರೆಗಳನ್ನು ತಿಂದ ಅದೇ ಅಂತರಗಂಗೆ, ಅದೇ ನೇರಳೆ ಹೂವು. ಅಷ್ಟು ದೂರ ಹಾರಿ ಬಂದು ಅರಕೆರೆಯ ಕಡೆಯ ಕಾಲುವೆಯ ದಂಡೆಯಲ್ಲಿ ನಿಂತ ಹಾಗಾಯಿತು.

ಕಾರು ನಡೆಸಿದವನು ಒಟಿಯೆನೊ, ಐವತ್ತರ ಆಸುಪಾಸಿನವನು. ನಿಧಾನವಾದ ಇಂಗ್ಲಿಷು, ಅವಸರದ ಚಾಲನೆ. ಮೊದಲ ದಿನ ಅವನ ಮನೆಯಲ್ಲಿ ಊಟ. ಉಗಾಲಿ ಎಂಬ ಬಿಳಿ ಮುದ್ದೆ, ಮೀನಿನ ಸಾರು. ಮುದ್ದೆ ಎಂದ ಮೇಲೆ ನಮಗೆ ಯಾರು ಕಲಿಸಬೇಕು? ತುತ್ತು ಮುರಿದೆ, ಸಾರಿಗೆ ಅದ್ದಿದೆ, ಅಗಿಯದೆ ನುಂಗಿದೆ. ಅದು ಮುಸುಕಿನ ಜೋಳದ್ದು, ರಾಗಿಯಲ್ಲ. ಗಂಟಲ ನಡುವೆ ನಿಂತುಬಿಟ್ಟಿತು. ಒಟಿಯೆನೊನ ಹೆಂಡತಿ ಬೆನ್ನಿಗೆ ಗುದ್ದಿದಳು, ಅವನ ತಾಯಿ ನೀರು ಕುಡಿಸಿದಳು. ಇವರ ದೇಶದಲ್ಲಿ ಊಟವನ್ನು ಔಷಧದ ಹಾಗೆ ನುಂಗುತ್ತಾರೆ ಎಂದು ಅವನು ಎಲ್ಲರಿಗೂ ವಿವರಿಸಿದ. ಮರುದಿನ ನನಗಾಗಿ ರಾಗಿ ಮುದ್ದೆಯನ್ನೇ ಮಾಡಿದರು. ರಾಗಿಯ ತವರು ಆ ಕಡೆಯೇ ಎಂದು ಪಾಠ ಮಾಡಿದವನು ನಾನು. ತವರಿನಲ್ಲಿ ಕೂತು ತಿಂದದ್ದು ಅವತ್ತು.

ನಾನು ಮಾಡಿದ ದೊಡ್ಡ ತಪ್ಪು ಬೇರೆ. ಸತ್ತವನನ್ನು ಹುಡುಕಲು ಊರಿನ ಹಿಂದೂಗಳ ಸುಡುಗಾಡಿಗೆ ಹೋಗಿ ಹಳೆಯ ರಿಜಿಸ್ಟರು ಕೇಳಿದೆ. ಅಲ್ಲಿನ ಮೇಲ್ವಿಚಾರಕ ಪಾಪ, ಎರಡು ದಿನ ಜೊತೆಯಲ್ಲಿ ಕೂತು ಪುಟ ತಿರುಗಿಸಿದ. ಪಟೇಲರಿದ್ದರು, ಶಾಹರಿದ್ದರು, ಸಿಂಗರಿದ್ದರು. ಗೌಡ ಒಬ್ಬನೂ ಇಲ್ಲ. ಎರಡನೆಯ ಸಂಜೆ ಕಾರಿನಲ್ಲಿ ಒಟಿಯೆನೊ ಕೇಳಿದ, "ನಿಮ್ಮ ಮನೆಯವರನ್ನೆಲ್ಲ ಸುಡುತ್ತೀರಾ?"

"ಇಲ್ಲ. ನಾವು ಹೂಳುತ್ತೇವೆ. ನಮ್ಮ ನಮ್ಮ ಹೊಲದಲ್ಲೇ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಎರಡು ದಿನ ಬೂದಿಯಲ್ಲಿ ನಮ್ಮವರನ್ನು ಹುಡುಕಿದ್ದೆ. ಹೊರದೇಶಕ್ಕೆ ಕಾಲಿಟ್ಟ ಕೂಡಲೇ ನಾನು ಬರೀ 'ಇಂಡಿಯನ್' ಆಗಿಬಿಟ್ಟಿದ್ದೆ, ಒಕ್ಕಲುತನದವನು ಎಂಬುದೇ ಮರೆತಿತ್ತು.

ಒಟಿಯೆನೊ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಅವನ ಜನ ಲುಓಗಳು. ಅವರಲ್ಲಿ ಸತ್ತವನನ್ನು ಅವನ ಮನೆಯ ಅಂಗಳದಲ್ಲೇ ಹೂಳಬೇಕು. ಎಲ್ಲಿ ಹೂಳಬೇಕೆಂದು ಕೋರ್ಟಿಗೂ ಹೋಗುತ್ತಾರಂತೆ. "ಹಾಗಿದ್ದ ಮೇಲೆ ನಿಮ್ಮ ತಾತನ ತಮ್ಮನನ್ನು ಕರೆದೊಯ್ಯಲು ಯಾರೂ ಬರಲಿಲ್ಲವೇ?" ಎಂದ. ದೂಷಣೆಯ ದನಿಯಲ್ಲ. ಆದರೂ ನಾನು ಕಿಟಕಿಯ ಕಡೆ ತಿರುಗಿದೆ.

"ಕಬ್ಬಿನ ಕಡೆ ಹೋಗೋಣ," ಎಂದ. "ಬೆಲ್ಲದವನು ಬೆಲ್ಲದ ಹತ್ತಿರ ಇರುತ್ತಾನೆ."

ಕಬ್ಬಿನ ಸೀಮೆ

ಮೂರು ಬೆಲ್ಲದ ಮನೆಗಳಲ್ಲಿ ಏನೂ ಸಿಗಲಿಲ್ಲ. ನಾಲ್ಕನೆಯದು ತಗಡಿನ ಚಪ್ಪರ. ಕಬ್ಬಿನ ಸಿಪ್ಪೆಯ ರಾಶಿ, ಹೊಗೆ, ಕೊಪ್ಪರಿಗೆ, ಸುತ್ತ ಜೇನುನೊಣ. ಕಣ್ಣು ಮುಚ್ಚಿಕೊಂಡರೆ ಪಾಂಡವಪುರದ ರಸ್ತೆ. ಒಬ್ಬಾತ ಬೆಂಡೆಗಿಡವನ್ನು ಜಜ್ಜಿ ಅದರ ಲೋಳೆಯನ್ನು ಕುದಿಯುವ ಹಾಲಿಗೆ ಬಿಡುತ್ತಿದ್ದ. ಕಬ್ಬಿನ ರಸಕ್ಕೆ ನಾವು ಹಾಲು ಎನ್ನುತ್ತೇವೆ. ಲೋಳೆ ಬಿಟ್ಟರೆ ಕೊಳೆಯೆಲ್ಲ ಮೇಲೆ ಬರುತ್ತದೆ. ನಮ್ಮವರೇ ಕಲಿಸಿದ್ದು ಎನ್ನಲು ಹೊರಟೆ. ಕೂಡಲೇ ತಡೆದುಕೊಂಡೆ. ಈ ಲೋಳೆ ಅರ್ಧ ಇಂಡಿಯಾಕ್ಕೆ ಗೊತ್ತು, ಸಾಕ್ಷಿಯಲ್ಲ.

ಮೂಲೆಯ ಬೆಂಚಿನ ಮೇಲೆ ಎಂಬತ್ತರ ಮುದುಕರೊಬ್ಬರು ಕೂತಿದ್ದರು, ಔಮಾ ಎಂದು ಹೆಸರು. ಒಟಿಯೆನೊ ಅವರನ್ನು 'ಮ್ಜೇ' ಎಂದು ಕರೆದ. ನಮ್ಮಲ್ಲಿ 'ಯಜಮಾನ್ರೆ' ಎನ್ನುವ ಹಾಗೆ. ಅವರು ಹೇಳಿದ್ದನ್ನು ಅವನು ಇಂಗ್ಲಿಷಿಗೆ ತಂದ, ನಾನು ಕನ್ನಡಕ್ಕೆ ತಂದಿದ್ದೇನೆ. ಎರಡು ಕಡೆ ಸೋರಿಹೋದದ್ದಿರಬಹುದು.

"ಲೋಳೆ ಕಲಿಸಿದ್ದು ಇಂಡಿಯಾದ ಫುಂಡಿ," ಎಂದರು ಔಮಾ. ಫುಂಡಿ ಎಂದರೆ ಕಸುಬುದಾರ. "ಎತ್ತರದ ಆಳು. ನಾನು ಗಾಣಕ್ಕೆ ಕಬ್ಬು ಕೊಡುತ್ತಿದ್ದೆ. ಮೊದಲ ಕೊಪ್ಪರಿಗೆ ಇಳಿಸುವ ಮುಂಚೆ ಒಂದು ಸೌಟು ಒಲೆಯ ಬಾಯಿಗೆ ಹಾಕುತ್ತಿದ್ದ. ಒಲೆ ಮೊದಲು ಉಣ್ಣಬೇಕು ಅನ್ನುತ್ತಿದ್ದ. ಅಂಗಡಿಯ ಪಟೇಲರು ಮಾಂಸ ಮುಟ್ಟುತ್ತಿರಲಿಲ್ಲ. ಇವನು ನಮ್ಮ ಜೊತೆ ಕೋಳಿ ತಿನ್ನುತ್ತಿದ್ದ. ಮುದ್ದೆ ಅಗಿಯುತ್ತಲೇ ಇರಲಿಲ್ಲ."

ಒಟಿಯೆನೊ ನನ್ನ ಕಡೆ ನೋಡಿ, ತನ್ನ ಗಂಟಲು ಹಿಡಿದುಕೊಂಡು ತೋರಿಸಿದ.

"ಅವನಿಗೆ ಊರಿರಲಿಲ್ಲವೇ?" ಎಂದು ಕೇಳಿಸಿದೆ.

"ಕೇಳುತ್ತಿದ್ದೆವು. 'ನಮ್ಮೂರಲ್ಲಿ ನಾನು ಆಗಲೇ ಸತ್ತಿದ್ದೇನೆ' ಅಂತ ನಗುತ್ತಿದ್ದ. 'ನನ್ನ ತಿಥಿ ಊಟ ಊರೆಲ್ಲ ಉಂಡಿದೆ, ಚೆನ್ನಾಗಿತ್ತಂತೆ. ಉಂಡವರ ಮುಂದೆ ಹೋಗಿ ನಿಂತರೆ ಅವರಿಗೆ ಮುಜುಗರ. ಹೆಂಡತಿಯೂ ಇಲ್ಲ ಅಂತ ಅಣ್ಣ ಬರೆದಿದ್ದಾನೆ.' ಹೀಗೆ."

ಅಣ್ಣ ಬರೆದಿದ್ದಾನೆ. ಅಂದರೆ ನನ್ನ ತಾತ.

"ಬ್ರಿಟಿಷರು ಹೋಗಿ ಹೊಸ ಬಾವುಟ ಹಾರಿಸಿದ ಮೇಲೆ ಸತ್ತ," ಎಂದರು ಔಮಾ. "ಮೊದಲೇ ಹೇಳಿದ್ದ, ಸುಡಬೇಡಿ, ಹೊಲದಲ್ಲಿ ಹೂಳಿ, ತಲೆ ಆ ಕಡೆ ಇರಲಿ ಅಂತ." ಕೋಲು ದಕ್ಷಿಣಕ್ಕೆ ಚಾಚಿತು. "ಎರಡನೇ ಸಲ ಸಾಯುವವನು ಯಾರಿಗೂ ತೊಂದರೆ ಕೊಡಬಾರದು ಅನ್ನುತ್ತಿದ್ದ. ನಮಗೇನೂ ತೊಂದರೆಯಾಗಲಿಲ್ಲ."

ಕಬ್ಬಿನ ಗದ್ದೆಯ ಮೂಲೆಯಲ್ಲಿ ಒಂದು ಅತ್ತಿಮರ, ಅದರಡಿ ನಾಲ್ಕು ಕಲ್ಲು. ಉಳುವಾಗ ಆ ಜಾಗವನ್ನು ಬಿಟ್ಟು ಉಳುತ್ತಾ ಬಂದಿದ್ದಾರೆ. ಬೆಲ್ಲದಚ್ಚನ್ನು ಎರಡು ಹೋಳು ಮಾಡಿದೆ. ಒಂದು ಕಲ್ಲಿನ ಮೇಲೆ, ಒಂದು ಔಮಾರ ಕೈಗೆ. ಅವರು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಚೀಪಿದರು.

"ಪಾಕ ಒಂಚೂರು ಮುಂದೆ ಹೋಗಿದೆ," ಎಂದರು. "ಫುಂಡಿ ಇದ್ದಿದ್ದರೆ ಬೈಯುತ್ತಿದ್ದ."

ಮರಳಿ, ಕ್ಯಾತನಹಳ್ಳಿ

ಅತ್ತೆ ಎಲ್ಲ ಕೇಳಿದಳು. "ತಲೆ ತೆಂಕ್ಲಿಗೇ ಮಡ್ಗವ್ರಾ?" ಎಂದು ಎರಡು ಸಲ ಕೇಳಿದಳು. ಕೋಳಿ ತಿನ್ನುತ್ತಿದ್ದರು ಎಂದಾಗ ನಕ್ಕಳು. ಬೆಲ್ಲಕ್ಕೆ ಔಮಾ ಕೊಟ್ಟ ತೀರ್ಪು ಕೇಳಿ, "ಸರ್ಯಾಗೇ ಯೋಳವ್ನೆ, ಈಚೀಚ್ಗೆ ಯಾರ್ಗೂ ಪಾಕ ತಿಳಿಯಕ್ಕಿಲ್ಲ" ಎಂದಳು.

"ಅಂಗಾರೆ ಅವ್ವ ಸಾಯೋವಾಗ ಬದ್ಕಿದ್ದ?"

ಇಲ್ಲಿ ನಾನು ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎಂಬತ್ತರ ಮುದುಕರು ಅರವತ್ತು ವರ್ಷದ ಹಿಂದಿನ ಮಾತು ಹೇಳಿದ್ದಾರೆ. ಅವರ ಫುಂಡಿಯ ಹೆಸರು ಅವರಿಗೆ ಗೊತ್ತಿಲ್ಲ. ಬದುಕಿರುವಾಗಲೇ ಸತ್ತನೆನಿಸಿಕೊಂಡವನು ಇನ್ನೊಬ್ಬ ಇರಬಾರದೆಂದಿಲ್ಲ.

"ಇರ್ಬೋದು ಅತ್ತೆ. ಗಟ್ಟಿಯಾಗಿ ಹೇಳಕ್ಕಾಗಲ್ಲ."

"ಥೂ ನಿನ್ನ! ಸಮುದ್ರ ಆರ್ಕಂಡ್ ಓಗಿ, ಯೋಳಕ್ಕಾಯ್ಕಿಲ್ಲ ಅಂತ ಯೋಳಕ್ ಬಂದ್ಯಾ? ಆ ಕಾಯ್ದ ನೀರ್ಗ್ ಆಕಿದ್ಯಲ್ಲ, ಕೈ ಸೇದೋಗಿದ್ರೆ ಆಯ್ತಿತ್ತು!" ಎಂದವಳು, ಸ್ವಲ್ಪ ಹೊತ್ತಿಗೆ ಮೆತ್ತಗಾದಳು. "ಬುಡು ಮಗ. ಮಕ್ಳಾಟ. ಆಗ ನೀನ್ ಅಂಚೆಚೀಟಿ ಅಂದ್ರೆ ಅನ್ನ ನೀರ್ ಬುಟ್ಟಿದ್ದೆ. ಆ ಸಂತೆಬಾಚಳ್ಳಿ ಐದ ಬತ್ತಿದ್ನಲ್ಲ, ಅವ್ನೂ ನೀನೂ ಜಗ್ಲಿ ತುಂಬ ಅಂಟಿಸ್ತಾ ಕೂತ್ಕತಿದ್ರಿ."

ಸಂತೆಬಾಚಹಳ್ಳಿಯ ಚಲುವರಾಜ! ಆಫ್ರಿಕದ ತನಕ ಹೋದವನಿಗೆ ಕೆ.ಆರ್. ಪೇಟೆ ತಾಲ್ಲೂಕು ಹೊಳೆದಿರಲಿಲ್ಲ.

ಸಂತೆಬಾಚಹಳ್ಳಿ

ಚಲುವ ಈಗ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಲವತ್ತು ವರ್ಷದ ಮೇಲೆ ನೋಡಿದರೂ ಗಲ್ಲಾದಿಂದ ಎದ್ದೇಳಲಿಲ್ಲ.

"ಏನ್ಲಾ ಮೇಷ್ಟ್ರೆ, ದಾರಿ ತಪ್ಪ್ಬುಟ್ಟಾ?"

"ನನ್ ಜಿರಾಫೆ ಎಲ್ಲ್ಲಾ?"

"ನಿಂದಲ್ಲ ಕಣ್ಲಾ, ನಂದು. ಅದ್ಕೆ ಬದ್ಲು ಅಂಗೇರಿ ದೇಸದ ಮೂರ್ ಮೂಲೆ ಸ್ಟಾಂಪ್ ಕೊಟ್ಟಿವ್ನಿ. ಯಾಪಾರ ಮುಗ್ದೋಗದೆ."

ಅವನಿಗೆ ಜಿರಾಫೆ ನೆನಪಿತ್ತು.

ಆಲ್ಬಮ್ಮು ಮುಸುಕಿನ ಜೋಳದ ಬೀಜದ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿತ್ತು. ನಾಗಮಂಗಲದ ಅವನ ಹೆಂಡತಿ ಏಣಿ ಹಿಡಿದು, ಈ ವಯಸ್ಸಿನಲ್ಲಿ ಇಬ್ಬರಿಗೂ ಏನು ಬಂದಿದೆ ಎಂದು ಕೇಳಿದಳು. ಚಲುವನಿಗೆ ಚಿಕ್ಕಂದಿನಲ್ಲಿ ಒಂದು ಚಾಳಿಯಿತ್ತು. ಪ್ರತಿ ಚೀಟಿಯ ಕೆಳಗೂ ಅದು ಯಾರಿಂದ ಬಂತು ಎಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದ, ಆಮೇಲೆ ಕೇಳಿದರೆ ಜಗಳವಾಗಬಾರದೆಂದು. ಆಫ್ರಿಕದ ಪುಟ ತೆರೆದ. ಅನ್ನದ ಅಂಟಿನ ಕಲೆಯ ನಡುವೆ ಒಂದೇ ಒಂದು ಜಿರಾಫೆ. ಕೆಳಗೆ ದುಂಡಗೆ, 'ಕ್ಯಾತನಹಳ್ಳಿ ತಾತನ ಟ್ರಂಕು'.

ಭೂತಗನ್ನಡಿ ತೆಗೆದೆ. ಮುದ್ರೆಯ ತಾರೀಕು ಮಸುಕು, ಅದು ನನ್ನ ನೀರಿನ ಕೆಲಸ. ಕನ್ನಡಿಯನ್ನು ಜಿರಾಫೆಯ ಆಚೆಗೆ ಸರಿಸಿದೆ. ಅಲ್ಲಿ ಎಳೆ ವಯಸ್ಸಿನ ಒಂದು ಹೆಣ್ಣುಮುಖ, ರಾಣಿ.

ಕತೆ ಕೇಳಿದ ಚಲುವ ಪುಟವನ್ನೇ ಬ್ಲೇಡಿನಲ್ಲಿ ಕೊಯ್ದು ಕೊಟ್ಟ. "ಸಾಕಮ್ಮತ್ತೆ ಕೈಲಿ ಎಷ್ಟ್ ಸಲ ಉಂಡಿವ್ನಿ. ತಕಂಡ್ ಓಗ್ಲಾ," ಎಂದ. ನಾನು ಮೆಟ್ಟಿಲು ಇಳಿದ ಮೇಲೆ ಕೂಗಿ ಹೇಳಿದ, "ಆ ಮೂರ್ ಮೂಲೇದ್ ವಾಪಸ್ ಕೊಡು, ಮರ್ತ್‌ಬುಟ್ಟೀಯ!"

ಕ್ಯಾತನಹಳ್ಳಿಯಲ್ಲಿ ಅತ್ತೆ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. ಏನು ಕಂಡಿತೋ ಕಾಣೆ.

"ಈ ಎಂಗ್ಸು ಯಾರ್ಲಾ?"

"ಇಂಗ್ಲೆಂಡ್ ರಾಣಿ ಅತ್ತೆ. ಈ ಚೀಟಿ ಬಂದಿದ್ದು ಅವ್ವ ಹೋದ ಮಾರನೇ ವರ್ಷ. ಇದ್ನ ಹಚ್ಚಿ ನಿಮ್ಮಪ್ಪ ಕಾಗ್ದ ಹಾಕವ್ರೆ."

ಅವಳು ಅಳಲಿಲ್ಲ. ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲೂ ಒಂದು ಡಜನ್ ಹಸಿರು ಬಳೆಯೂ ತಂದಳು. ಬಳೆಗಳನ್ನು ಯಾವಾಗ ತರಿಸಿಟ್ಟಿದ್ದಳೋ ಗೊತ್ತಿಲ್ಲ. ನನ್ನ ತೋಳು ಹಿಡಿದು ಹೊಲಕ್ಕೆ ನಡೆದಳು. ಬದುವಿನ ಮೇಲೆ ನಿಂಗಮ್ಮನ ಕಲ್ಲಿದೆ. ಅದರ ನೆತ್ತಿಯನ್ನು ಸೆರಗಿನಿಂದ ಒರೆಸಿ, ಹೆಬ್ಬೆರಳಗಲ ಕುಂಕುಮ ಇಟ್ಟು, ಬುಡದಲ್ಲಿ ಬಳೆ ಜೋಡಿಸಿದಳು. "ತೊಟ್ಕೊ ಕಣವ್ವ," ಎಂದಳು. "ನಿನ್ ಗಂಡ ಇದ್ದ."

ತಾತನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬಂದಿದೆ ಎಂದು ಹೇಳಲಾರೆ. ಬಳೆ ಒಡೆಸಿದ್ದಾಗಿತ್ತು, ಒಡೆಸಿಕೊಂಡವಳು ಮಣ್ಣಾಗಿದ್ದಳು, ಆಮೇಲೆ ಕಾಗದ ಬಂತು. ಅದನ್ನು ಯಾರ ಮುಂದೆ ಓದಬೇಕಿತ್ತು ಎಂದು ಕೇಳಿಕೊಂಡರೆ, ಮಗಳ ಮುಂದೆ ಎಂಬುದೊಂದೇ ಉತ್ತರ. ಅದು ಅವರಿಗೂ ಗೊತ್ತಿದ್ದಿರಬೇಕು. ಕಾಗದವನ್ನು ಸುಡದೆ ಟ್ರಂ‍ಕಿನಲ್ಲಿ ಇಟ್ಟಿದ್ದರು.

ಒಂದು ಮಾತ್ರ ಉಳಿದಿತ್ತು. ನಿಂಗಮ್ಮ ಸತ್ತ ವರ್ಷವೂ ಬರೀ ಮನೆಮಾತು. ಅದು ಒಂದು ವರ್ಷ ಆಚೀಚೆಯಾದರೆ ಜಿರಾಫೆಯ ಸಾಕ್ಷಿ ಬಿದ್ದುಹೋಗುತ್ತದೆ. ಅತ್ತೆ ನನಗಾಗಿ ಕಾಯಲಿಲ್ಲ, ಸರಿಯೇ ಮಾಡಿದಳು. ಹದಿನೈದು ದಿನದ ಮೇಲೆ ಹಳೆಯ ಮರಣದ ರಿಜಿಸ್ಟರು ತೆಗೆಸಿ ನೋಡಿದೆ. ನಮ್ಮ ತಾತ ಬರೆಸಿದ ನಮೂದು ಅದರಲ್ಲಿದೆ. ಗಂಡನ ಹೆಸರಿನ ಮುಂದೆ 'ದಿವಂಗತ' ಎಂದಿದೆ, ಅದು ತಪ್ಪು. ವರ್ಷ 1953 ಎಂದಿದೆ, ಅದು ಸರಿ.